ಸ್ಟೀಲ್ ಫ್ರೇಮ್ ಕೊಳ್ಳೋ ಮುನ್ನ ಮೂರು ಪ್ರಶ್ನೆ

ವರ್ಕ್ ಫ್ರಂ ಹೋಮ್ ಅಂತ ಸಿಂಧನೂರು, ಲಿಂಗಸುಗೂರು ಕಡೆ ಉಳಿದುಕೊಂಡ ಗೆಳೆಯರು ಈಗೀಗ ಕೇಳೋದು ಒಂದೇ: ‘ರೋಡ್ ಬೈಕ್ ತಗೋಬೇಕು. ಸ್ಟೀಲ್ ಫ್ರೇಮ್ ಆರಾಮ ಅಂತಾರಲ್ಲ, ಹೌದಾ?’ ಅರ್ಧ ಹೌದು. ಉಳಿದರ್ಧ ತಿಳಿಯದೆ ಕೊಂಡರೆ, ಇಎಂಐ ಮುಗಿಯೋ ಮೊದಲೇ ಆ ಸೈಕಲ್ಲು ಬಟ್ಟೆ ಒಣಗಿಸೋ ಸ್ಟ್ಯಾಂಡ್ ಆಗಿರುತ್ತೆ.

ಮೊದಲ ಪ್ರಶ್ನೆ: ಯಾವ ಸ್ಟೀಲ್? ನಮ್ಮ ಅಪ್ಪಂದಿರು ಹಾಲಿನ ಕ್ಯಾನು ಕಟ್ಟಿಕೊಂಡು ತುಳಿದದ್ದೂ ಸ್ಟೀಲ್ ಸೈಕಲ್ಲೇ. ತೂಕ ಇಪ್ಪತ್ತು ಕೆ.ಜಿ. ಆಸುಪಾಸು. ಅಗ್ಗದ ಸ್ಟೀಲ್‌ಗೂ ದುಬಾರಿ ಸ್ಟೀಲ್‌ಗೂ ಸಾಂದ್ರತೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರೋದು ಬಲದಲ್ಲಿ. ಕ್ರೋಮೋಲಿ ಹೆಚ್ಚು ಬಲವಾದ್ದರಿಂದ ಕೊಳವೆ ತೆಳುವಾಗಿ ಮಾಡಬಹುದು. ‘ಬಟೆಡ್’ ಕೊಳವೆ ಅಂದ್ರೆ ಬೆಸುಗೆ ಬೀಳೋ ತುದಿಗಳಲ್ಲಿ ದಪ್ಪ, ನಡುವೆ ತೆಳು, ಉದಾಹರಣೆಗೆ 0.8 ಮತ್ತು 0.5 ಮಿ.ಮೀ. ಇಂಗ್ಲೆಂಡಿನ ರೆನಾಲ್ಡ್ಸ್ 1897ರಲ್ಲೇ ಇದರ ಪೇಟೆಂಟ್ ಪಡೆದಿದ್ದರು. ಇಂಥ ಫ್ರೇಮ್ ಎರಡು ಕೆ.ಜಿ. ಸುತ್ತಮುತ್ತ ತೂಗುತ್ತೆ. ಸ್ಟಿಕ್ಕರ್ ನೋಡಿ ಸುಮ್ಮನಾಗಬೇಡಿ. ಕೆಲವು ಫ್ರೇಮ್‌ಗಳಲ್ಲಿ ಮುಂದಿನ ಮೂರು ಕೊಳವೆ ಮಾತ್ರ ಕ್ರೋಮೋಲಿ. ಹಿಂಭಾಗ, ಫೋರ್ಕ್ ಯಾವುದರದ್ದು ಅಂತ ಕೇಳಿ.

ಎರಡನೆಯದು: ಎಷ್ಟು ಅಗಲದ ಟೈರ್ ಹಿಡಿಸುತ್ತೆ? ತ್ರಿಕೋನದ ಫ್ರೇಮ್ ಮೇಲೆ ಕೆಳಗೆ ಬಾಗೋದು ಅತ್ಯಲ್ಪ. ಗುಂಡಿಯ ಪೆಟ್ಟು ನುಂಗೋದು ಮುಖ್ಯವಾಗಿ ಟೈರು, ಆಮೇಲೆ ಸೀಟು. 25 ಮಿ.ಮೀ. ಟೈರಿಗಷ್ಟೇ ಜಾಗ ಇರೋ ಸ್ಟೀಲ್ ಫ್ರೇಮಿಗಿಂತ 32 ಹಿಡಿಸೋ ಅಲ್ಯೂಮಿನಿಯಂ ಫ್ರೇಮೇ ನಮ್ಮ ರಸ್ತೆಗೆ ಆರಾಮ. ಎರಡೂ ಬೇಕಂದ್ರೆ 32 ಹಿಡಿಸೋ ಸ್ಟೀಲ್ ಹುಡುಕಿ. ಮಳೆಗಾಲದಲ್ಲಿ ಹೊಲದ ದಾರಿಗಿಳಿದರೆ ಎರೆ ಮಣ್ಣು ಚಕ್ರಕ್ಕೆ ಮೆತ್ತಿ ಫ್ರೇಮಿಗೆ ಕಚ್ಚಿಕೊಳ್ಳುತ್ತೆ. ಆಗ ಆ ಜಾಗದ ಬೆಲೆ ಗೊತ್ತಾಗೋದು.

ಮೂರನೆಯದು: ನಿಮ್ಮ ಮೈಗೆ ಹೊಂದುತ್ತಾ? ಕಂಪನಿಯ ಪಟ್ಟಿಯಲ್ಲಿ ‘ಸ್ಟ್ಯಾಕ್’, ‘ರೀಚ್’ ಅಂತ ಎರಡು ಅಳತೆ ಇರುತ್ತೆ. ಹ್ಯಾಂಡಲ್ ಎಷ್ಟು ಎತ್ತರ, ಎಷ್ಟು ದೂರ ಅನ್ನೋದು ಇವುಗಳಿಂದ ತಿಳಿಯುತ್ತೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಬಗ್ಗಿದ ಕುತ್ತಿಗೆಗೆ ಸ್ಟ್ಯಾಕ್ ಹೆಚ್ಚು, ರೀಚ್ ಕಡಿಮೆ ಇರೋದೇ ಒಳ್ಳೇದು. ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. ಎದುರುಗಾಳಿ ಬಿದ್ದರೆ ಮೂರು ತಾಸು ಅದೇ ಭಂಗಿ. ಮುಂಗೈ ಜೋಮು ಹಿಡಿದರೆ ಯಾವ ಸ್ಟೀಲೂ ಕಾಪಾಡಲ್ಲ.

ಹಾಗಾದ್ರೆ ಹಗುರ ಬೇಡವಾ? ಬೇಕು, ಆದ್ರೆ ಕೊನೆಗೆ. ನೀವು, ಸೈಕಲ್ಲು, ನೀರು ಸೇರಿ 85 ಕೆ.ಜಿ. ಅಂದುಕೊಳ್ಳಿ; ಫ್ರೇಮಿನಲ್ಲಿ ಒಂದು ಕೆ.ಜಿ. ಉಳಿಸಿದರೆ ಅದು ಶೇ 1ಕ್ಕಿಂತ ಚೂರು ಜಾಸ್ತಿ. ಬಯಲು ಸೀಮೆಯಲ್ಲಿ ಅದು ಕಾಲಿಗೆ ಗೊತ್ತಾಗೋದೇ ಕಷ್ಟ. ತೆಳು ಕೊಳವೆ ಮುರಿದರೆ ಟ್ರಾಕ್ಟರ್ ಟ್ರೇಲರ್ ಬೆಸೆಯೋ ಆರ್ಕ್ ವೆಲ್ಡಿಂಗ್‌ಗೆ ಕೊಡಬೇಡಿ, ತೂತು ಬೀಳುತ್ತೆ. ಬ್ರೇಜಿಂಗ್ ಅಥವಾ ಟಿಗ್ ಬಲ್ಲವರೇ ಬೇಕು.

ದುಡ್ಡು ಹಾಕೋ ಕ್ರಮ ಇಷ್ಟೇ: ಮೊದಲು ಅಳತೆ, ಆಮೇಲೆ ಟೈರಿನ ಜಾಗ, ಕೊನೆಗೆ ತೂಕ. ಸರಿಯಾದ ಸೈಕಲ್ಲು ಸಿಕ್ಕರೆ ಚಳಿಗಾಲದ ಒಂದು ಭಾನುವಾರ ಬೆಳಗ್ಗೆ ಮಸ್ಕಿಗೆ ತುಳಿಯಿರಿ. ಅಶೋಕನ ಹೆಸರಿರೋ ಶಾಸನ 1915ರಲ್ಲಿ ಸಿಕ್ಕ ಬೆಟ್ಟ ಅಲ್ಲೇ ಇದೆ. ಬೆಟ್ಟ ಹತ್ತೋಕೂ ಕಾಲಲ್ಲಿ ಒಂದಿಷ್ಟು ಶಕ್ತಿ ಉಳಿದಿದ್ದರೆ, ನಿಮ್ಮ ಆಯ್ಕೆ ಸರಿ ಅಂತಲೇ ಲೆಕ್ಕ.