‘ರಾಯಲ್ಟಿ’ ಪದದ ಮರ್ಮ

ಸಂಡೂರಿನ ಗಣಿ ಉದ್ಯಮದ ಲೆಕ್ಕಪುಸ್ತಕಗಳಲ್ಲಿ ಕಾಣುವ ‘ರಾಯಲ್ಟಿ’ ಪದದ ಮೂಲ ಲ್ಯಾಟಿನ್ನಿನ ‘ರೆಕ್ಸ್’, ಅಂದರೆ ರಾಜ. ಅದರಿಂದಾದ ‘ರೆಗಾಲಿಸ್’ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಿತು. ಸಂಸ್ಕೃತದ ‘ರಾಜನ್’ ಇದರ ಸೋದರ ಪದ. ಕನ್ನಡದ ‘ರಾಜಧನ’ ಆದುದರಿಂದ ಯಥೋಚಿತ.

1949ರಲ್ಲಿ ಸಂಡೂರು ಸಂಸ್ಥಾನ ವಿಲೀನವಾಯಿತು. ರಾಜನ ಸ್ಥಾನಕ್ಕೆ ಸರ್ಕಾರ ಬಂದರೂ ಪದ ಉಳಿಯಿತು. ಅದು ಅದಿರಿಗಾಗಿ ಒಡೆಯನಿಗೆ ಸಲ್ಲುವ ಪ್ರತಿಫಲ, ತೆರಿಗೆಯಲ್ಲ. 2024ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವೂ 8:1 ಬಹುಮತದಿಂದ ಹೀಗೆಯೇ ತೀರ್ಪಿತ್ತಿತು. ರಾಜಧನವಲ್ಲದೆ ಖನಿಜ ಹಕ್ಕಿನ ಮೇಲೆ ತೆರಿಗೆ ವಿಧಿಸುವ ಅಧಿಕಾರವೂ, ಸಂಸತ್ತು ಹಾಕುವ ಮಿತಿಗೊಳಪಟ್ಟು, ರಾಜ್ಯಗಳಿಗೆ ಉಂಟೆಂದಿತು.

ಆದಕಾರಣ ಸಂಡೂರು, ಹೊಸಪೇಟೆಗಳ ಉದ್ಯಮಿಗಳು ರಾಜಧನ ಪಾವತಿಸಿದ ಮಾತ್ರಕ್ಕೆ ತೆರಿಗೆಯ ಹೊಣೆ ತೀರಿತೆಂದು ಭಾವಿಸದೆ, ಎರಡನ್ನೂ ಪ್ರತ್ಯೇಕ ಶೀರ್ಷಿಕೆಗಳಲ್ಲಿ ಲೆಕ್ಕವಿಡುವುದೇ ವಿವೇಕ.