ಗೃಹೋಪಯೋಗಿ ವಿಚಾರ: ಒಮ್ಮೆ ಕಂಡು ಒಮ್ಮೆ ಮರೆಯಾಗುವ ಎಸ್‌ಎಸ್‌ಡಿ

ಬೆಳಿಗ್ಗೆ ಕಂಪ್ಯೂಟರನ್ನು ಚಾಲೂ ಮಾಡಿದರೆ ಬೂಟ್ ಡಿವೈಸ್ ಇಲ್ಲವೆಂಬ ಸೂಚನೆ. ಆರಿಸಿ ಮತ್ತೆ ಚಾಲೂ ಮಾಡಿದರೆ ಎಲ್ಲವೂ ಯಥಾಸ್ಥಿತಿ. ಈ ಉಪದ್ರವವನ್ನು ಕುರಿತು ವಾಚಕ ಮಹಾಶಯರಲ್ಲಿ ಕೆಲವರು ನಮ್ಮನ್ನು ವಿಚಾರಿಸಿರುವರು. ಎಸ್‌ಎಸ್‌ಡಿಯು ಪೂರ್ತಿಯಾಗಿ ಕೆಟ್ಟರೆ ಗೃಹಸ್ಥನು ಎಚ್ಚರಗೊಳ್ಳುವನು. ಆಗಾಗ ಕಾಣಿಸಿಕೊಳ್ಳುತ್ತಿದ್ದರೆ, ಇಂದು ಸರಿಹೋಯಿತಲ್ಲ ಎಂದು ಸುಮ್ಮನಾಗುವನು. ನಮ್ಮ ನೆರೆಯವರೊಬ್ಬರು ಹೀಗೆಯೇ ಎರಡು ತಿಂಗಳು ಸುಮ್ಮನಿದ್ದು, ಗತಿಸಿದ ತಾಯಿಯವರ ಭಾವಚಿತ್ರಗಳನ್ನೆಲ್ಲ ಕಳೆದುಕೊಂಡರು. ಆದುದರಿಂದ ಡ್ರೈವು ಕಂಡ ದಿನವೇ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳತಕ್ಕದ್ದು. ರೋಗಪರೀಕ್ಷೆಯು ಆಮೇಲೆ.

ಈ ಪರೀಕ್ಷೆಗೆ ನಮ್ಮ ತರ್ಕಶಾಸ್ತ್ರದ ಅನ್ವಯವ್ಯತಿರೇಕಗಳೇ ಸಾಧನ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಕೆಲವು ದಿನ ನೋಡಬೇಕು. ಎರಡನ್ನು ಒಮ್ಮೆಗೇ ಬದಲಿಸಿದವನಿಗೆ ದೋಷವು ತೊಲಗಿದರೂ ಕಾರಣವು ತಿಳಿಯದು. ಅಂಗಡಿಯ ರಿಪೇರಿಯವರಲ್ಲಿ ಅನೇಕರಿಗೆ ಈ ತಾಳ್ಮೆಯಿಲ್ಲ. ಸಾಟಾ ಮಾದರಿಯ ಡ್ರೈವಾದರೆ ಮೊದಲ ಸಂಶಯವು ಕೇಬಲ್ಲಿನ ಮೇಲೆ. ವಿದ್ಯುತ್ತನ್ನು ಪೂರ್ಣವಾಗಿ ಕಳಚಿ, ಹೊಸ ಕೇಬಲ್ಲನ್ನು ಹಾಕಿ ನೋಡುವುದು. ಅದಾದ ಮೇಲೆ ಬೇರೆ ಪೋರ್ಟು. ಸ್ಮಾರ್ಟ್ ವರದಿಯಲ್ಲಿ ಸಿಆರ್‌ಸಿ ದೋಷಗಳ ಸಂಖ್ಯೆಯು ದಿನೇ ದಿನೇ ಏರುತ್ತಿದ್ದರೆ ಅಪರಾಧಿಯು ಬಹುಮಟ್ಟಿಗೆ ಕೇಬಲ್ಲೇ ಹೊರತು ಡ್ರೈವಲ್ಲ. ಎಂ.2 ಮಾದರಿಯದನ್ನು ಒಮ್ಮೆ ಕಳಚಿ, ನೆಟ್ಟಗೆ ಕೂರಿಸಿ, ತಿರುಪನ್ನು ಹದವಾಗಿ ಬಿಗಿಯಬೇಕು.

ರಾತ್ರಿಯೆಲ್ಲ ಆರಿದ್ದ ಯಂತ್ರದಲ್ಲಿ ಕಾಣದೆ, ರೀಸ್ಟಾರ್ಟ್ ಮಾಡಿದೊಡನೆ ಕಾಣುವುದಾದರೆ, ಡ್ರೈವು ಸಿದ್ಧವಾಗುವ ಮೊದಲೇ ಬಯಾಸ್ ತನ್ನ ಹುಡುಕಾಟವನ್ನು ಮುಗಿಸುತ್ತಿರಬಹುದು. ಬಯಾಸಿನಲ್ಲಿ ಫಾಸ್ಟ್ ಬೂಟನ್ನು ನಿಲ್ಲಿಸಿ ನೋಡುವುದು.

ಇನ್ನು ಡ್ರೈವಿನೊಳಗಿನ ಫರ್ಮ್‌ವೇರ್. ಕ್ರೂಷಿಯಲ್ ಎಂ4 ಎಂಬ ಡ್ರೈವು ಒಟ್ಟು 5,184 ಗಂಟೆ, ಎಂದರೆ 216 ದಿನಗಳ ಕಾಲ ನಡೆದ ಮೇಲೆ ಉತ್ತರ ಕೊಡುವುದನ್ನೇ ನಿಲ್ಲಿಸುತ್ತಿತ್ತು. ಮತ್ತೆ ಚಾಲೂ ಮಾಡಿದರೆ ಸುಮಾರು ಒಂದು ಗಂಟೆ ನಡೆದು ಪುನಃ ಮೌನ. 2012ರ ಜನವರಿಯಲ್ಲಿ ತಯಾರಕರು 0309 ಸಂಖ್ಯೆಯ ಫರ್ಮ್‌ವೇರನ್ನು ಹೊರಡಿಸಿ ಅದನ್ನು ಸರಿಪಡಿಸಿದರು. ಅಲ್ಲಿಯವರೆಗೆ ಕೇಬಲ್ಲುಗಳನ್ನು ಬದಲಿಸಿದವರ ಶ್ರಮವೆಲ್ಲ ವ್ಯರ್ಥವೇ! ತಮ್ಮ ಡ್ರೈವಿಗೆ ಹೊಸ ಫರ್ಮ್‌ವೇರ್ ಇದೆಯೇ ಎಂಬುದನ್ನು ತಯಾರಕರ ತಾಣದಲ್ಲಿ ವಾಚಕರು ನೋಡಿಕೊಳ್ಳಲಿ.

ಮರೆತು ಮತ್ತೆ ಕಂಡ ಡ್ರೈವನ್ನು ಇನಿಷಿಯಲೈಸ್ ಅಥವಾ ಫಾರ್ಮ್ಯಾಟ್ ಮಾಡಲೇ ಎಂದು ವಿಂಡೋಸ್ ಕೇಳಿದರೆ, ನಕಲು ಕೈಯಲ್ಲಿಲ್ಲದೆ ಹೌದೆನ್ನಕೂಡದು. ಬೇರೆ ಯಂತ್ರದಲ್ಲಿಯೂ ಅದು ಹೀಗೆಯೇ ಮರೆಯಾಗುತ್ತಿದ್ದರೆ ದೋಷವು ಡ್ರೈವಿನದೇ. ವಾರಂಟಿಯ ಅವಧಿಯನ್ನು ನೋಡಿ ಹಿಂದಿರುಗಿಸತಕ್ಕದ್ದು.