ಹಳಿ ಮೇಲೆ ಕೂರುವ ಮೊದಲು ಠಾಣೆ ಬಾಗಿಲಲ್ಲಿ ನಿಲ್ಲೋಣ

2024ರ ಆಗಸ್ಟ್ 20. ಮುಂಬೈ ಹತ್ತಿರದ ಬದ್ಲಾಪುರ ರೈಲು ನಿಲ್ದಾಣದಲ್ಲಿ ಬೆಳಿಗ್ಗೆಯೇ ಜನ ಹಳಿಗೆ ಇಳಿದರು. ಸಂಜೆ ಪೊಲೀಸರು ಲಾಠಿ ಬೀಸಿ ಚದುರಿಸುವವರೆಗೆ, ಹೆಚ್ಚುಕಡಿಮೆ ಹತ್ತು ಗಂಟೆ ರೈಲು ಓಡಲಿಲ್ಲ.

ಅಲ್ಲಿನ ಒಂದು ಶಾಲೆಯಲ್ಲಿ ನಾಲ್ಕು ವರ್ಷದ ಆಸುಪಾಸಿನ ಇಬ್ಬರು ಹೆಣ್ಣುಮಕ್ಕಳ ಮೇಲೆ ಕಸ ಗುಡಿಸುವ ಕೆಲಸದವನು ಲೈಂಗಿಕ ದೌರ್ಜನ್ಯ ಎಸಗಿದ ಆರೋಪವಿತ್ತು. ಆದರೆ ಜನ ಹಳಿಗೆ ಇಳಿದದ್ದು ಅದೊಂದಕ್ಕೇ ಅಲ್ಲ. ದೂರು ಕೊಡಲು ಹೋದ ಹೆತ್ತವರನ್ನು ಠಾಣೆಯಲ್ಲಿ ಸುಮಾರು 12 ಗಂಟೆ ಕಾಯಿಸಿದರು ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು.

ಆಮೇಲೆ ಎಲ್ಲವೂ ಸರಸರ ನಡೆಯಿತು. ಪೊಲೀಸರು ಸಸ್ಪೆಂಡ್ ಆದರು, ವಿಶೇಷ ತನಿಖಾ ತಂಡ ಬಂತು. ಬಾಂಬೆ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, ಜನ ಬೀದಿಗೆ ಬರದಿದ್ದರೆ ವ್ಯವಸ್ಥೆ ಅಲುಗಾಡುವುದೇ ಇಲ್ಲವೇ ಎಂಬರ್ಥದಲ್ಲಿ ತರಾಟೆಗೆ ತೆಗೆದುಕೊಂಡಿತು.

ಪ್ರತಿಭಟನೆ ಫಲ ಕೊಟ್ಟಿತು ಅನ್ನುವವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಉಳಿದರ್ಧ ಹೀಗಿದೆ: ಹಳಿ ಮೇಲೆ ಕೂತ ಹತ್ತಾರು ಮಂದಿಯ ಮೇಲೆ ಕೇಸು ಬಿತ್ತು. ಸೆಪ್ಟೆಂಬರ್ 23ರಂದು ಆರೋಪಿ ಪೊಲೀಸ್ ವ್ಯಾನಿನೊಳಗೇ ಗುಂಡೇಟಿಗೆ ಸತ್ತ. ಕೆಲವರು ಸಿಹಿ ಹಂಚಿದರು. ಆದರೆ ಅವನ ತಪ್ಪು ಕೋರ್ಟಿನಲ್ಲಿ ಸಾಬೀತಾಗಲೇ ಇಲ್ಲ. ಮೊದಲ ದಿನ ದೂರು ಬರೆದುಕೊಳ್ಳದ ಪೊಲೀಸರೂ, ಆಮೇಲೆ ಆರೋಪಿಯನ್ನು ಕೋರ್ಟಿಗೆ ಮುಟ್ಟಿಸದ ಪೊಲೀಸರೂ ಕಸಿದುಕೊಂಡದ್ದು ಆ ಮಕ್ಕಳ ನ್ಯಾಯವನ್ನೇ.

ಈಗ ನಮ್ಮ ಕಡೆಯ ಮಾತಿಗೆ ಬರೋಣ. ಸುದ್ದಿಗೆಂದು ಠಾಣೆಗಳಿಗೆ ಓಡಾಡುವ ನಾನು ಮತ್ತೆ ಮತ್ತೆ ಕೇಳಿರುವ ಮಾತುಗಳಿವು: "ಸಾಹೇಬ್ರು ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ಬಾರಮ್ಮ." "ಅದು ನಮ್ಮ ಲಿಮಿಟ್‌ಗೆ ಬರಲ್ಲ." "ಹುಡುಗಿ ಮದುವೆ ಆಗ್ಬೇಕಲ್ವಾ, ಊರಲ್ಲೇ ಹಿರಿಯರನ್ನ ಕೂರಿಸಿ ಮುಗಿಸ್ಕೊಳ್ಳಿ." ಅಷ್ಟು ಕೇಳಿದ ತಾಯಿ ಸೆರಗಲ್ಲಿ ಕಣ್ಣೊರೆಸಿಕೊಂಡು ಕೊನೆ ಬಸ್ಸು ಹತ್ತುತ್ತಾಳೆ. ಅದು ಸುದ್ದಿಯಾಗುವುದಿಲ್ಲ. ನಾನು ಫೋನ್ ಮಾಡಿದರೆ ಡೆಸ್ಕಿನವರು ಕೇಳುವುದು "ಎಫ್‌ಐಆರ್ ಆಗಿದೆಯಾ?" ಅಂತ. ಆಗಿಲ್ಲ ಎಂಬುದೇ ಸುದ್ದಿ ಅಂತ ನಾನೂ ಎಷ್ಟೋ ಸಲ ವಾದಿಸದೆ ಸುಮ್ಮನಾಗಿದ್ದೇನೆ. ಅದು ನನ್ನ ತಪ್ಪು.

ಕಾನೂನಿನಲ್ಲಿ ಈ ಸಬೂಬುಗಳಿಗೆ ಜಾಗವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರ ಪ್ರಕಾರ, ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಬಿಟ್ಟಿ ಕೊಡಬೇಕು. ಮಕ್ಕಳನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಪೋಕ್ಸೊ ಕಾಯ್ದೆ. ಅತ್ಯಾಚಾರದಂಥ ಪ್ರಕರಣದಲ್ಲಿ ದೂರು ಬರೆದುಕೊಳ್ಳದ ಪೊಲೀಸರಿಗೆ ನ್ಯಾಯ ಸಂಹಿತೆಯ ಸೆಕ್ಷನ್ 199ರಡಿ ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ ಜೈಲು. ದೆಹಲಿಯ 2012ರ ಪ್ರತಿಭಟನೆಗಳ ನಂತರ, 2013ರಲ್ಲಿ ಬಂದ ನಿಯಮವಿದು. ಅಂದರೆ ಜನ ಬೀದಿಗಿಳಿದು ತಂದ ಕಾನೂನು ಈಗಾಗಲೇ ನಮ್ಮ ಕೈಯಲ್ಲಿದೆ. ಬಳಸುವವರು ಕಡಿಮೆ.

"ಸುಳ್ಳು ದೂರು ಬಂದರೆ?" ಅಂತ ಪೊಲೀಸರು ಕೇಳುತ್ತಾರೆ. ಕೇಳಲಿ. ದೂರು ಬರೆದುಕೊಂಡ ಮಾತ್ರಕ್ಕೆ ಯಾರೂ ಅಪರಾಧಿ ಆಗುವುದಿಲ್ಲ. ನಿಜವೋ ಸುಳ್ಳೋ ತಿಳಿಯುವುದಕ್ಕೇ ತನಿಖೆ ಇರುವುದು. ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ ಕೂಡ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಹೇಳಿದೆ.

ನನ್ನ ಕೋರಿಕೆ ಇಷ್ಟೇ. ಬದ್ಲಾಪುರದಂತೆ ಸಾವಿರ ಜನ ಸೇರುವ ತನಕ ಕಾಯಬೇಡಿ. ನಿಮ್ಮೂರಿನ ಹೆಣ್ಣುಮಗಳು ಠಾಣೆಗೆ ಹೊರಟರೆ ಸ್ತ್ರೀಶಕ್ತಿ ಸಂಘದ ಇಬ್ಬರು, ಆಶಾ ಅಕ್ಕ, ಇಲ್ಲವೇ ಪಂಚಾಯ್ತಿ ಮೆಂಬರ್ ಜೊತೆಗೆ ಹೋಗಿ. ಎಫ್‌ಐಆರ್ ಪ್ರತಿ ಕೈಗೆ ಬರುವ ತನಕ ಎದ್ದು ಬರಬೇಡಿ. ಬರೆದುಕೊಳ್ಳದಿದ್ದರೆ ಅದೇ ದೂರನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಎಸ್‌ಪಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ವಕೀಲರು ಉಚಿತ, ಆದಾಯದ ಲೆಕ್ಕ ಕೇಳುವಂತಿಲ್ಲ. ಇನ್ನೊಂದು ಮಾತು: ಆ ಹುಡುಗಿಯ ಹೆಸರು, ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಅದು ಕೂಡ ಅಪರಾಧ.

ನಾನೂ ಒಂದು ಮಾತು ಕೊಡುತ್ತೇನೆ. ಇನ್ನು ಮುಂದೆ ಠಾಣೆಯಿಂದ ಬರಿಗೈಲಿ ವಾಪಸ್ ಬಂದವರ ಕತೆಯನ್ನು, ಹೆಸರು ಹೇಳದೆ, ಬರೆಯುತ್ತೇನೆ. ಎಫ್‌ಐಆರ್ ನಂಬರ್‌ಗಾಗಿ ಕಾಯುವುದಿಲ್ಲ.